ಮೊದಲು ನೀರು, ಆಮೇಲೆ ಪೊರಕೆ

ಶಾಮಿಯಾನದ ಕಂಬ ಕಿತ್ತುಕೊಂಡು ಮುಖ್ಯ ಅತಿಥಿಗಳ ತಲೆಯ ಮೇಲೆ ಬೀಳಬಹುದಿತ್ತು. ಮೈಕು ಕುಯ್ಯೆಂದು ಕಿರುಚಬಹುದಿತ್ತು. ಕರೆಂಟು ಹೋಗಬಹುದಿತ್ತು, ಹೋದ ಕರೆಂಟು ಮೌನಾಚರಣೆಯ ನಡುವೆ ವಾಪಸು ಬಂದು, ಮೈಕ್ ಸೆಟ್ಟಿನವನು ಅರ್ಧಕ್ಕೆ ಬಿಟ್ಟಿದ್ದ ಸಿನಿಮಾ ಹಾಡು ಮುಂದುವರಿಯಬಹುದಿತ್ತು. ಪ್ರಾರ್ಥನೆಗೆ ನಿಂತ ಹುಡುಗಿಯರಲ್ಲಿ ಒಬ್ಬಳಿಗೆ ನಗು ಬಂದು ಉಳಿದವರಿಗೆಲ್ಲ ಅಂಟಬಹುದಿತ್ತು. ತುಮಕೂರು ಹೆದ್ದಾರಿಯಲ್ಲಿ ಲಾರಿ ಅಡ್ಡ ನಿಂತು ಅತಿಥಿಗಳು ಬಾರದೆ ಹೋಗಬಹುದಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಎಲ್ಲರೂ ಹೇಳಿದ ಹೊತ್ತಿಗೇ ಬಂದುಬಿಡಬಹುದಿತ್ತು. ಉಪ್ಪಿಟ್ಟು ಹಳಸಬಹುದಿತ್ತು. ನಿರೂಪಣೆ ನನ್ನ ಪಾಲಿಗೆ ಬಂದಿದ್ದರಿಂದ ನನ್ನ ಗಂಟಲು ಕಟ್ಟಬಹುದಿತ್ತು. ಇದ್ಯಾವುದೂ ಅಲ್ಲದೆ, ಮೇಜಿನ ಮೇಲೆ ಹಾರ ಹಾಕಿ ಇಟ್ಟಿದ್ದ ಫೋಟೋದೊಳಗಿಂದ ದೊಡ್ಡ ಮಿಸ್ಸು ಇದನ್ನೆಲ್ಲ ನೋಡಿ ಎದ್ದು ಬರಬಹುದಿತ್ತು.

ಕೊನೆಯದಕ್ಕೆ ನಾನು ನಿಜವಾಗಿಯೂ ಹೆದರಿದ್ದೆ.

ಮಕ್ಕಳು ಅವರನ್ನು ದೊಡ್ಡ ಮಿಸ್ಸು ಎನ್ನುತ್ತಿದ್ದರು, ನಾವು ಸಹಶಿಕ್ಷಕರೂ ಹಾಗೆಯೇ ಕರೆಯುತ್ತಿದ್ದೆವು. ನೆಲಮಂಗಲದಿಂದ ಸ್ವಲ್ಪ ಒಳಗಿರುವ ನಮ್ಮ ಸರ್ಕಾರಿ ಪ್ರೌಢಶಾಲೆಗೆ ಅವರು ಮುಖ್ಯೋಪಾಧ್ಯಾಯಿನಿ. ಫೋಟೋದಲ್ಲಿ ಅವರ ಹುಬ್ಬು ಗಂಟಿಕ್ಕಿಕೊಂಡೇ ಇತ್ತು. ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಎಷ್ಟು ತೀಡಿದರೂ ಅದು ಸಡಿಲವಾಗಲಿಲ್ಲವಂತೆ. ಆದರೆ ನನ್ನ ಕಣ್ಣಲ್ಲಿ ಉಳಿದಿರುವ ರೂಪ ಬೇರೆ. ಸೆರಗನ್ನು ಮೂಗು ಬಾಯಿಗೆ ಬಿಗಿದು ಕುತ್ತಿಗೆಯ ಹಿಂದೆ ಗಂಟು ಹಾಕಿ, ನೆರಿಗೆ ಎತ್ತಿ ಸಿಕ್ಕಿಸಿ, ಕೈಯಲ್ಲಿ ಕಡ್ಡಿ ಪೊರಕೆ ಹಿಡಿದು ಬೆಳಗಿನ ವರಾಂಡದಲ್ಲಿ ನಿಂತ ಹೆಂಗಸು. ಕನ್ನಡಕದ ಗಾಜಿನ ಮೇಲೆ ಬೂದುಬಣ್ಣದ ಧೂಳು. ಆ ಧೂಳು ಪಾರಿವಾಳದ ಹಿಕ್ಕೆಯದು.

ಪಾರಿವಾಳಗಳು ಮೊದಲಿನಿಂದ ನಮ್ಮಲ್ಲಿ ಇರಲಿಲ್ಲ. ಶಾಲೆಯ ಹಿಂಬದಿಯಲ್ಲಿ ದೊಡ್ಡ ಗೋಡೌನು ಎದ್ದಿತು. ಅಕ್ಕಿ, ಜೋಳ, ಕೋಳಿ ಆಹಾರದ ಮೂಟೆಗಳು. ಲಾರಿಯಿಂದ ಸುರಿದ ಕಾಳಿಗೆ ಹಕ್ಕಿಗಳು ಬಂದವು, ಅಲ್ಲೇ ತೊಲೆಗಳ ಮೇಲೆ ಸಂಸಾರ ಹೂಡಿದವು. ಗೋಡೌನಿನ ಸಾಹುಕಾರರು ಬೆಂಗಳೂರಿಂದ ಜನ ಕರೆಸಿ ತಮ್ಮ ಕಟ್ಟಡಕ್ಕೆಲ್ಲ ಬಲೆ ಹಾಕಿಸಿದರು, ಸಜ್ಜೆಗಳ ಮೇಲೆ ಮುಳ್ಳುತಂತಿ ಕೂರಿಸಿದರು. ಮೂಟೆ ಹಾಳಾಗಬಾರದಲ್ಲ. ಹಕ್ಕಿಗಳು ಎದ್ದು, ಒಂದು ಸುತ್ತು ಹಾರಿ, ನಮ್ಮ ಶಾಲೆಯ ಮುರಿದ ವೆಂಟಿಲೇಟರುಗಳಿಗೆ ಬಂದು ಕೂತವು.

ಇಷ್ಟಾದರೆ ಯಾರ ಮೇಲೂ ಸಿಟ್ಟಾಗಬೇಕಿರಲಿಲ್ಲ. ಆದರೆ ಸಾಹುಕಾರರಿಗೆ ಯಾರೋ ಶನಿಕಾಟಕ್ಕೆ ಪಾರಿವಾಳಕ್ಕೆ ಕಾಳು ಹಾಕಿ ಎಂದು ಹೇಳಿದ್ದರು. ಅವರ ಜಾಗದಲ್ಲಿ ಬಲೆ. ಹಾಗಾಗಿ ದಿನಾ ಬೆಳಿಗ್ಗೆ ಕಾರು ನಮ್ಮ ಗೇಟಿನ ಮುಂದೆ ನಿಲ್ಲುತ್ತಿತ್ತು. ಅವರು ಇಳಿದು, ಚಪ್ಪಲಿ ಕಳಚಿ, ಮಕ್ಕಳು ಆಡುವ ಮೈದಾನದಲ್ಲಿ ಜೋಳ ಚೆಲ್ಲಿ, ಕೈಮುಗಿದು ಹೋಗುತ್ತಿದ್ದರು. ಪುಣ್ಯ ಅವರ ಕಾರಿನಲ್ಲಿ ಹೋಗುತ್ತಿತ್ತು, ಹಿಕ್ಕೆ ನಮ್ಮ ಹತ್ತಿರ ಉಳಿಯುತ್ತಿತ್ತು. ಅವರು ಶಾಲಾಭಿವೃದ್ಧಿ ಸಮಿತಿಯ ಸದಸ್ಯರು ಬೇರೆ. ನನಗೆ ಕೋಪ ಬರುತ್ತಿರಲಿಲ್ಲ ಎಂದಲ್ಲ. ನನ್ನ ಕೋಪ ಹೊಟ್ಟೆಯಲ್ಲೇ ಹುಟ್ಟಿ ಅಲ್ಲೇ ಹುಳಿಯಾಗುವ ಜಾತಿಯದು. ಅದಕ್ಕೆ ಮೆಡಿಕಲ್ ಶಾಪಿನಲ್ಲಿ ಮಾತ್ರೆ ಸಿಗುತ್ತದೆ.

ನಮ್ಮಲ್ಲಿ ಗುಡಿಸುವವರ ಹುದ್ದೆ ಖಾಲಿ ಬಿದ್ದು ಯಾವ ಕಾಲವಾಗಿತ್ತೋ. ಬೇರೆ ಕಡೆಗಳಲ್ಲಿ ಇಂಥ ಕೆಲಸ ಮಕ್ಕಳ ಕೈಗೆ ಹೋಗುತ್ತದೆ. ದೊಡ್ಡ ಮಿಸ್ಸು ಅದಕ್ಕೆ ಒಪ್ಪಲಿಲ್ಲ. ಓದೋಕೆ ಕಳ್ಸಿರೋ ಮಕ್ಕಳ ಕೈಗೆ ಹಿಕ್ಕೆ ಕೊಡಬೇಕಾ ಎಂದು ಸಭೆಯಲ್ಲಿ ಕೇಳಿದರು. ಯಾರೂ ಪೊರಕೆ ಹಿಡಿಯಲಿಲ್ಲ. ಮಾರನೆಯ ದಿನದಿಂದ ಪ್ರಾರ್ಥನೆಯ ಗಂಟೆಗೆ ಮುಂಚೆ ಅವರೇ ಗುಡಿಸಿದರು. ನಾಚಿಕೆಗೆ ನಾವೂ ಒಬ್ಬೊಬ್ಬರೇ ಸೇರಿಕೊಂಡೆವು. ಒಣಗಿದ ಹಿಕ್ಕೆ ಪೊರಕೆ ತಾಗಿದ ಕೂಡಲೇ ಪುಡಿಯಾಗಿ ಏಳುತ್ತಿತ್ತು; ಬಿಸಿಲಿನ ಕೋಲಿನಲ್ಲಿ ನೋಡಲು ಚೆನ್ನಾಗಿಯೇ ಇರುತ್ತಿತ್ತು. ವರ್ಷಗಟ್ಟಲೆ ಅವರು ಅದನ್ನು ಉಸಿರಾಡಿದರು. ನಡುನಡುವೆ ಕೆಮ್ಮು. ಚಾಕ್‌ಪೀಸಿನ ಕೆಮ್ಮು ಎಂದುಕೊಂಡೆವು. ಮೇಷ್ಟ್ರುಗಳೆಲ್ಲ ಕೆಮ್ಮುತ್ತಾರೆ.

ಒಂದು ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ, ವರಾಂಡದಲ್ಲಿ ಕೂತಿದ್ದ ಎಂಟನೇ ತರಗತಿಯ ಹುಡುಗಿಯ ತಟ್ಟೆಗೆ ಮೇಲಿನಿಂದ ಬಿತ್ತು. ಹುಡುಗಿ ಗಲಾಟೆ ಮಾಡಲಿಲ್ಲ. ಬಿದ್ದ ಕಡೆಯ ಅನ್ನವನ್ನು ಬೆರಳಲ್ಲಿ ಪಕ್ಕಕ್ಕೆ ಸರಿಸಿ, ಈ ಕಡೆಯಿಂದ ಉಣ್ಣಲು ಶುರು ಮಾಡಿದಳು. ರೂಢಿಯಾಗಿತ್ತು. ಅದನ್ನು ದೊಡ್ಡ ಮಿಸ್ಸು ನೋಡಿದರು. ಅವಳಿಗೆ ಬೇರೆ ತಟ್ಟೆ ಕೊಡಿಸಿ, ಆ ತಟ್ಟೆಯನ್ನು ಹಾಗೆಯೇ ಎತ್ತಿಕೊಂಡು ಗೇಟು ದಾಟಿದರು. ಏನಾದರೂ ಅನಾಹುತವಾದೀತೆಂದು ನಾನು ಹಿಂದೆ ಓಡಿದೆ. ಅನಾಹುತವಾದರೆ ನಾನೇನು ಮಾಡುತ್ತಿದ್ದೆನೋ ನನಗೂ ಗೊತ್ತಿಲ್ಲ.

ಗೋಡೌನಿನ ಆಫೀಸಿನಲ್ಲಿ ಎ.ಸಿ. ಓಡುತ್ತಿತ್ತು. ಅವರು ತಟ್ಟೆಯನ್ನು ಸಾಹುಕಾರರ ಮೇಜಿನ ಮೇಲೆ, ದೇವರ ಫೋಟೋದ ಪಕ್ಕಕ್ಕೆ ಇಟ್ಟರು.

"ಸಾಹುಕಾರ್ರೇ, ಇದು ನಿಮ್ಮ ಪುಣ್ಯ. ನಮ್ಮ ಮಕ್ಕಳ ತಟ್ಟೇಲಿ ಬಿದ್ದಿತ್ತು, ವಾಪಸ್ ತಂದಿದ್ದೀನಿ. ಇಟ್ಕೊಳ್ಳಿ."

ಸಾಹುಕಾರರು ಕೆಂಪಗಾದರು. ಆದರೆ ಮರುದಿನ ತಮಗೆ ತೋಚಿದ ಪರಿಹಾರ ಕಳಿಸಿದರು: ಇಬ್ಬರು ಆಳು, ಒಂದು ಚೀಲ ಕಾಳು. ಕಾಳಿಗೆ ವಿಷ ಬೆರೆಸಿದೆ, ಭಾನುವಾರ ಹಾಕಿದರೆ ಸೋಮವಾರಕ್ಕೆ ಎಲ್ಲಾ ಕ್ಲೀನು ಎಂದರು ಆಳುಗಳು. ಕಾಳು ಹಾಕಿ ಕೈಮುಗಿಯುತ್ತಿದ್ದ ಅದೇ ಮನುಷ್ಯ. ನಾನು ಒಳಗೊಳಗೇ, ಸದ್ಯ ಮುಗಿಯಲಿ ಎಂದುಕೊಂಡೆ. ದೊಡ್ಡ ಮಿಸ್ಸು ಆ ಚೀಲವನ್ನು ಗೇಟಿನ ಒಳಕ್ಕೆ ಬಿಡಲಿಲ್ಲ. ಆಳುಗಳು ಹೋದ ಮೇಲೆ ಗೇಟಿಗೆ ತಾವೇ ಚಿಲಕ ಹಾಕಿ ನನ್ನ ಕಡೆ ತಿರುಗಿದರು.

"ಪಾರಿವಾಳಕ್ಕೇನ್ ಮೇಷ್ಟ್ರೇ ಗೊತ್ತು? ಕೂರೋಕೆ ಜಾಗ ಸಿಕ್ತು, ತಿನ್ನೋಕೆ ಸಿಕ್ತು, ಕೂತ್ಕೊಂಡ್ತು. ತಪ್ಪು ಮಾಡಿದ್ದು ಕಾರಲ್ಲಿ ಬರೋದು."

ಆ ವರ್ಷವೇ ಅವರ ಕೆಮ್ಮು ಜೋರಾಗಿ, ಮೆಟ್ಟಿಲು ಹತ್ತಿದರೆ ಏದುಸಿರು ಬರಲಾರಂಭಿಸಿತು. ಬೆಂಗಳೂರಿನಲ್ಲಿ ಡಾಕ್ಟರಿಗೆ ತೋರಿಸಿಕೊಂಡು ಬಂದ ದಿನ ಸ್ಟಾಫ್ ರೂಮಿನಲ್ಲಿ ನಮ್ಮನ್ನೆಲ್ಲ ಕೂರಿಸಿ ಹೇಳಿದರು. ಡಾಕ್ಟರು ಎಕ್ಸ್‌ರೇ, ಸ್ಕ್ಯಾನು ಎಲ್ಲ ನೋಡಿ, ಮನೇಲಿ ಪಾರಿವಾಳ ಸಾಕಿದ್ದೀರಾ ಎಂದು ಕೇಳಿದರಂತೆ.

"ನಾನು ಸಾಕಿಲ್ಲ ಡಾಕ್ಟ್ರೇ, ಅವೇ ನಮ್ಮ ಸ್ಕೂಲ್ನ ಸಾಕ್ಕೊಂಡಿವೆ ಅಂದೆ" ಎಂದು ನಕ್ಕರು. ಆ ನಗುವಿನ ಕೊನೆಗೆ ಕೆಮ್ಮು ಬಂತು, ಕೆಮ್ಮು ಮುಗಿಯುವ ತನಕ ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಣ ಹಿಕ್ಕೆಯ ಧೂಳು ಒಳಗೆ ಹೋಗಿ ಹೋಗಿ ಶ್ವಾಸಕೋಶ ಗಟ್ಟಿಯಾಗುತ್ತಿದೆ. ಆದದ್ದು ಹಿಂದಕ್ಕೆ ಬರುವುದಿಲ್ಲ. ಒಣಗಿದ್ದನ್ನು ಗುಡಿಸಲೇಬಾರದಂತೆ. ನೀರು ಹಾಕಿ, ಚೆನ್ನಾಗಿ ನೆನೆಸಿ, ಮಾಸ್ಕ್ ಕಟ್ಟಿಕೊಂಡು ತೆಗೆಯಬೇಕಂತೆ. ಇಷ್ಟೇ. ಒಂದು ಬಕೆಟ್ ನೀರಿನ ವಿಷಯ. ನಮಗೆ ಯಾರೂ ಹೇಳಿರಲಿಲ್ಲ. ಬಲೆ ಹಾಕಲು ಬಂದವರಿಗೆ ಗೊತ್ತಿದ್ದಿರಬೇಕು. ಅವರು ಸಾಹುಕಾರರ ಮೂಟೆಗಳನ್ನಷ್ಟೇ ಕಾಪಾಡಿ ಹೋದರು. ಇವತ್ತಿಗೂ ಇದನ್ನು ನೆನೆದರೆ ನನ್ನ ಮಾತ್ರೆ ಕೆಲಸ ಮಾಡುವುದಿಲ್ಲ.

ಅಂದಿನಿಂದ "ಮೊದಲು ನೀರು, ಆಮೇಲೆ ಪೊರಕೆ" ಎಂಬುದು ಶಾಲೆಯ ಕಾನೂನಾಯಿತು. ಯಾರಾದರೂ ಒಣ ಪೊರಕೆ ಎತ್ತಿದರೆ ಆಫೀಸ್ ರೂಮಿನಲ್ಲಿದ್ದ ದೊಡ್ಡ ಮಿಸ್ಸಿಗೆ ಕೇಳಿಸುತ್ತಿತ್ತು, ಅಲ್ಲಿಂದಲೇ ಬೈಗುಳ ಬರುತ್ತಿತ್ತು.

ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗಳಲ್ಲಿ ಕೆಲಸಕ್ಕಿದ್ದ ಹಳೆಯ ವಿದ್ಯಾರ್ಥಿಗಳು ಒಂದು ಭಾನುವಾರ ಬಲೆ, ತಗಡು, ಹಲಗೆ ತಂದರು. ಸಜ್ಜೆಗಳ ಮೇಲೆ ಹಲಗೆಯನ್ನು ಇಳಿಜಾರಾಗಿ ಕೂರಿಸಿದರೆ ಹಕ್ಕಿಗೆ ಕಾಲೂರಲು ಆಗುವುದಿಲ್ಲ, ನೋವೂ ಇಲ್ಲ. ಮುಳ್ಳು ಬೇಡವೇ ಬೇಡ ಎಂದಿದ್ದರು ದೊಡ್ಡ ಮಿಸ್ಸು. ಪ್ರತಿ ಕಿಂಡಿಯನ್ನೂ ಮುಚ್ಚುವ ಮುಂಚೆ ಒಳಗೆ ಮೊಟ್ಟೆ ಮರಿ ಇದೆಯೇ ಎಂದು ಯಾರಾದರೂ ಏಣಿ ಹತ್ತಿ ನೋಡಬೇಕು. ಆ ಯಾರಾದರೂ ನಾನಾದೆ. ಏಣಿಯ ಕೆಳಗಿನ ಮೆಟ್ಟಿಲಿನಲ್ಲೇ ನಿಂತು, ಬಿದ್ದರೆ ಸೊಂಟ ಮುರಿಯುತ್ತೆ, ನೆಲಮಂಗಲದ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ಇರುತ್ತಾರೋ ಇಲ್ಲವೋ ಎಂದೆಲ್ಲ ಹೇಳುತ್ತಿದ್ದಾಗ ದೊಡ್ಡ ಮಿಸ್ಸು ಏಣಿ ಹಿಡಿದುಕೊಂಡರು.

"ನೀವು ಬೀಳಲ್ಲ, ಹತ್ತಿ. ಬೀಳೋರು ಇಷ್ಟೊಂದು ಯೋಚ್ನೆ ಮಾಡಲ್ಲ."

ಒಂಬತ್ತನೇ ತರಗತಿಯ ಕರಿಹಲಗೆಯ ಮೇಲಿನ ಕಿಂಡಿಯಲ್ಲಿ ಎರಡು ಮರಿಗಳಿದ್ದವು. ಹಳದಿ ಕೂದಲು, ಮುಖಕ್ಕಿಂತ ದೊಡ್ಡ ಕೊಕ್ಕು. ಅಷ್ಟು ಕುರೂಪದ ಮರಿಗಳನ್ನು ನಾನು ನೋಡಿಲ್ಲ. ಬೇರೆ ಕಿಂಡಿಗಳೆಲ್ಲ ಮುಚ್ಚಿದವು, ಅದೊಂದು ತೆರೆದೇ ಉಳಿಯಿತು. ಅವು ಹಾರುವ ತನಕ ಒಂಬತ್ತನೇ ತರಗತಿ ಬೇವಿನ ಮರದ ಕೆಳಗೆ ನಡೆಯಿತು. ದೊಡ್ಡ ಮಿಸ್ಸು ದಿನವೂ ಆ ಖಾಲಿ ಕೋಣೆಗೆ ಹೋಗಿ, ಮೂಗಿಗೆ ಮಾಸ್ಕ್ ಹಾಕಿಕೊಂಡು ಮೇಲೆ ನೋಡಿ, ಬೇಗ ಬೆಳೀರೋ ಶನಿಗಳಾ, ಪರೀಕ್ಷೆ ಬಂತು ಎಂದು ಗದರಿಸಿ ಬರುತ್ತಿದ್ದರು. ಅವು ಹಾರಿಹೋದ ದಿನ ಕಿಂಡಿಗೆ ನಾನೇ ಬಲೆ ಹೊಡೆದೆ. ಕೋಣೆಗೆ ನೀರು ಹಾಕಿ, ನೆನೆಯಿಟ್ಟು, ತೊಳೆದೆವು. ಅವರನ್ನು ಗೇಟಿನ ಆಚೆ ಕುರ್ಚಿ ಹಾಕಿ ಕೂರಿಸಿದ್ದೆವು. ಅಲ್ಲಿಂದಲೇ, ಮೂಲೇಲಿ ನೆಂದಿಲ್ಲ, ಇನ್ನೊಂದು ಬಕೆಟ್ ಹಾಕಿ ಎಂದು ಕೂಗುತ್ತಿದ್ದರು.

ಮಕ್ಕಳ ತಟ್ಟೆ ಸ್ವಚ್ಛವಾಯಿತು. ದೊಡ್ಡ ಮಿಸ್ಸಿನ ಉಸಿರು ಮಾತ್ರ ದಿನದಿಂದ ದಿನಕ್ಕೆ ಚಿಕ್ಕದಾಯಿತು. ನಿವೃತ್ತಿಗೆ ಮುಂಚೆಯೇ ತೀರಿಕೊಂಡರು. ನಾನು ಕೊನೆಯ ಸಲ ನೋಡಲು ಹೋದಾಗ ಮೂಗಿನಲ್ಲಿ ಆಮ್ಲಜನಕದ ಕೊಳವೆ ಇತ್ತು, ಮಾತಾಡಲು ಆಗುತ್ತಿರಲಿಲ್ಲ. ಕೈಯನ್ನು ಮಗುಚಿ ನೀರು ಸುರಿಯುವಂತೆ ತೋರಿಸಿ, ಹುಬ್ಬು ಗಂಟಿಕ್ಕಿದರು. ಹಾಕ್ತಿದ್ದೀವಿ ಮಿಸ್, ದಿನಾ ಹಾಕ್ತಿದ್ದೀವಿ ಎಂದೆ.

ಶ್ರದ್ಧಾಂಜಲಿ ಸಭೆಯ ದಿನ ನಾನು ಹೆದರಿದ್ದ ಪಟ್ಟಿಯಲ್ಲಿ ಇಲ್ಲದ್ದೊಂದು ಕಾರಿನಿಂದ ಇಳಿಯಿತು. ಸಾಹುಕಾರರು ರಿಬ್ಬನ್ ಕಟ್ಟಿದ ಪಂಜರ ತಂದಿದ್ದರು. ಒಳಗೆ ಬಿಳಿ ಪಾರಿವಾಳಗಳು. ಮೇಡಂ ಆತ್ಮಕ್ಕೆ ಶಾಂತಿ ಸಿಗಲಿ ಅಂತ ಹಾರಿಸೋಣ ಎಂದರು. ನಾನು ಹೋಗಿ, ಇವರನ್ನು ತಗೊಂಡು ಹೋಗಿದ್ದೇ ಇದು ಸಾರ್ ಎಂದೆ. ಎಂದೆ ಅಂದರೆ, ಪಕ್ಕದಲ್ಲಿದ್ದವರಿಗಷ್ಟೇ ಕೇಳಿಸುವ ಹಾಗೆ. ಅದು ಬೇರೆ ಜಾತಿ, ಇದು ಬಿಳೀದು ಎಂದರು ಅವರು. ಪ್ರಭಾರ ಮುಖ್ಯೋಪಾಧ್ಯಾಯರು ನನ್ನ ತೋಳು ಹಿಡಿದು, ಬಿಡಿ, ದೊಡ್ಡೋರು ಎಂದರು.

ಮೌನಾಚರಣೆ ಆಯಿತು. ಅದರ ನಡುವೆ ಸಾಹುಕಾರರ ಫೋನು ಎರಡು ಸಲ ಬಡಿದುಕೊಂಡಿತು. ಆಮೇಲೆ ಪಂಜರದ ಬಾಗಿಲು ತೆಗೆದರು. ಚಪ್ಪಾಳೆ. ಮನೆಯಲ್ಲಿ ಸಾಕಿದ ಹಕ್ಕಿಗಳು ಎಲ್ಲಿಗೆ ಹೋಗಬೇಕು? ಒಂದು ಸುತ್ತು ಹಾಕಿ ಕಣ್ಮರೆಯಾದವು. ಒಂದು ಮಾತ್ರ ವಾಪಸು ಬಂದು, ಬಲೆಯ ಹೊರಗೆ, ಶಾಲೆಯ ನಾಮಫಲಕದ ಮೇಲೆ ಕೂತಿತು. ಕೂತು, ಕೆಳಗಿನ ಮೆಟ್ಟಿಲಿಗೆ, ಮಕ್ಕಳು ಊಟಕ್ಕೆ ಕೂರುವ ಮೆಟ್ಟಿಲಿಗೆ, ಪಿಚಕ್ಕೆಂದಿತು.

ಬಿಸಿಲಿಗೆ ಕಾದ ಸಿಮೆಂಟು. ವಂದನಾರ್ಪಣೆಯ ಹೊತ್ತಿಗೆ ಅದು ಒಣಗಿ ಬೆಳ್ಳಗಾಗಿತ್ತು. ಯಾರೋ ಸಮಿತಿಯವರು ಫೋಟೋ ಹೊಡೆಸಿಕೊಳ್ಳಲು ಜಾಗ ಸರಿಮಾಡಲೆಂದು ಮೂಲೆಯ ಪೊರಕೆ ಎತ್ತಿಕೊಂಡರು.

"ಮುಟ್ಟಬೇಡಿ" ಎಂದೆ.

ಮೈಕು ನನ್ನ ಕೈಯಲ್ಲಿತ್ತು. ಕಾಂಪೌಂಡಿನ ಆಚೆ ಗೋಡೌನಿನ ತನಕ ಕೇಳಿಸಿರಬೇಕು. ಇಷ್ಟು ವರ್ಷ ಹೊಟ್ಟೆಯಲ್ಲಿದ್ದದ್ದು ಒಂದೇ ಮಾತಾಗಿ ಹೊರಗೆ ಬಂದು ನನಗೇ ಗಾಬರಿಯಾಯಿತು. ಪೊರಕೆ ಹಿಡಿದವರು ಹಾಗೆಯೇ ನಿಂತರು. ನಾನು ಟವೆಲನ್ನು ಮೂಗಿಗೆ ಕಟ್ಟಿಕೊಂಡು, ನಲ್ಲಿಯಿಂದ ಬಕೆಟ್ ತುಂಬಿ ತಂದು, ಮೆಟ್ಟಿಲಿಗೆ ಮೆಲ್ಲಗೆ ಸುರಿದೆ.

"ಏನ್ ಮೇಷ್ಟ್ರೇ, ಒಂದು ತೊಟ್ಟು ಹಿಕ್ಕೆಗೆ ಇಷ್ಟಾ?" ಎಂದು ಸಾಹುಕಾರರು ಎದ್ದರು.

"ಕೂತ್ಕೊಳ್ಳಿ ಸಾಹುಕಾರ್ರೇ. ನೆನೀಬೇಕು."

ಅವರು ಕೂತರು. ಎಲ್ಲರೂ ಕೂತರು. ಈ ಸಲ ಯಾವ ಫೋನೂ ಬಡಿದುಕೊಳ್ಳಲಿಲ್ಲ. ಅದು ಪೂರ್ತಿ ಮೆತ್ತಗಾಗುವ ತನಕ ಸಭೆಗೆ ಸಭೆಯೇ ಕಾಯಿತು.

ಶಾಮಿಯಾನ ಗಟ್ಟಿಯಾಗಿ ನಿಂತಿತ್ತು, ಕರೆಂಟು ಹೋಗಲಿಲ್ಲ, ಹುಡುಗಿಯರು ನಗಲಿಲ್ಲ, ಉಪ್ಪಿಟ್ಟು ಬಿಸಿಯಾಗಿಯೇ ಇತ್ತು. ಕೆಟ್ಟದ್ದು ಅಂತ ಆದದ್ದು ಮೆಟ್ಟಿಲ ಮೇಲಿನ ಆ ಒಂದು ಚೂರು ಬಿಳಿ. ನೆನೆದ ಮೇಲೆ, ಪೊರಕೆಯಲ್ಲಿ ಒಂದೇ ಎಳೆತಕ್ಕೆ ಹೋಯಿತು.