ಖಲೀಲ್ ಸಾಹೇಬರ ದನಿ ಹುಡುಕುತ್ತ ಕಲ್ಯಾಣಕ್ಕೆ

ಕಲಬುರಗಿಯಿಂದ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟೆ. ಮಾಗಿಯ ಚಳಿ, ಕಿಟಕಿಯ ಗಾಜು ಪೂರ್ತಿ ಮುಚ್ಚುವಂತಿರಲಿಲ್ಲ. ಆಧಾರ್ ಕಾರ್ಡು ತೋರಿಸಿದೆ, ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೇಟು ಹರಿದುಕೊಟ್ಟ. ಹುಮನಾಬಾದಿಗೆ ಅರವತ್ತು ಕಿಲೋಮೀಟರಿನ ಆಸುಪಾಸು. ಕಮಲಾಪುರದಲ್ಲಿ ಎರಡು ಕೆಂಪು ಬಾಳೆಹಣ್ಣು ಕೊಂಡು ತಿಂದೆ. ಆಮೇಲೆ ಮಂಜು ಕವಿಯಿತು. ತೊಗರಿ ಹೊಲಗಳು ಇವೆಯೋ ಇಲ್ಲವೋ ಎಂಬಂತೆ ಸರಿದು ಹೋಗುತ್ತಿದ್ದವು. ತೂಕಡಿಕೆಯಲ್ಲಿ ಖಲೀಲ್ ಸಾಹೇಬರು ಪಕ್ಕದ ಸೀಟಿಗೆ ಬಂದು ಕೂತರು. ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತ ಏನೋ ಹೇಳುತ್ತಿದ್ದರು. ತುಟಿ ಆಡುತ್ತಿತ್ತು, ದನಿ ಮಾತ್ರ ಬರಲಿಲ್ಲ.

ಅವರು ಬಸವಕಲ್ಯಾಣದ ಬಟ್ಟೆ ವ್ಯಾಪಾರಿಗಳ ಮನೆತನದವರು. ಬಟ್ಟೆ ಅಳೆಯುವುದು ಬಿಟ್ಟು ಜಾಝ್ ಸಂಗೀತದ ಚರಿತ್ರೆಯನ್ನು ನೋಟುಬುಕ್ಕುಗಳ ತುಂಬ ಕನ್ನಡದಲ್ಲಿ ಬರೆದಿಟ್ಟವರು. ನಾನು ಕೆಲಸಕ್ಕಿದ್ದ ಕಲಬುರಗಿಯ ರೇಡಿಯೋ ಕೇಂದ್ರದಲ್ಲಿ ವಾರಕ್ಕೊಮ್ಮೆ ಆ ಹಾಡುಗಳನ್ನು ಹಾಕಿ, ನಡುನಡುವೆ ಮಾತಾಡುತ್ತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಟೇಪು ಒರೆಸಿ ಮತ್ತೊಂದಕ್ಕೆ ಬಳಸುವುದು ಆಗಿನ ರೂಢಿ. ಒರೆಸುತ್ತಿದ್ದವಳು ನಾನು. ಮುಂದೆ ಗಂಟಲಿನ ಆಪರೇಷನ್ ಆಗಿ ಸಾಹೇಬರ ಮಾತೇ ನಿಂತಿತು. ಹದಿನೈದು ವರ್ಷ ಚೀಟಿಯಲ್ಲಿ ಬರೆದು ತೋರಿಸುತ್ತ ಬದುಕಿ, ಹೋದ ವರ್ಷ ತೀರಿಕೊಂಡರು. ಮೊನ್ನೆ ಅವರ ಹೆಂಡತಿ ಜುಬೇದಾ ಬೇಗಂ ಫೋನು ಮಾಡಿದ್ದರು.

"ಅವರ ದನಿ ಎಲ್ಲ್ಯಾರ ಅದ ಏನ್ರಿ? ಒಂದ್ ಸಲ ಕೇಳಬೇಕಾಗ್ಯಾದ."

ಒರೆಸಿದೆ ಎನ್ನಲು ನಾಲಿಗೆ ಏಳಲಿಲ್ಲ. ಹುಡುಕುತ್ತೇನೆ ಅಂದುಬಿಟ್ಟೆ.

ಉಳಿದಿದ್ದ ಆಸೆ ಹುಮನಾಬಾದಿನ ಮಾರುತಿಯವರ ಮೇಲೆ. ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ ಅವರು ಸಾಹೇಬರ ಹಳೆಯ ದೋಸ್ತ. ಮನೆ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ. ಹೋದ ಕೂಡಲೇ ಚುರುಮುರಿಯ ಸುಸಲಾ, ಮಿರ್ಚಿ ಭಜಿ, ಚಹಾ ಬಂದವು. ಚಹಾ ಮುಗಿದ ಮೇಲೆ ಮಾರುತಿಯವರು ಸಾಹೇಬರ ಮಾತು ತೆಗೆದರು.

"ಖಲೀಲ್ ಕಲಬುರ್ಗಿಗಿ ಹೋಗುವಾಗ ಬರುವಾಗ ಇಲ್ಲೇ ಬಸ್ ಬದಲಿ ಮಾಡ್ತಿದ್ದನ್ರಿ. ಮಾತಿನಾಗ ಎಷ್ಟು ಬಸ್ ತಪ್ಪಿಸ್ಯಾನೋ ಲೆಕ್ಕ ಇಲ್ಲ. ನಿಮ್ಮ ಬ್ಯಾಂಡಿನವರಿಗೆ ಜಾಝ್ ಯಾರೂ ಕಲಿಸಬೇಕಾಗಿಲ್ಲೋ ಮಾರುತಿ ಅಂತಿದ್ದ. ವರನ ಕುದುರಿ ನಡುದಾರ್ಯಾಗ ನಿಂತ್ರ ನೀವು ಹಾಡು ಬಿಟ್ಟು ಎಲ್ಲೆಲ್ಲೋ ತಿರುಗ್ಯಾಡಿ, ಕುದುರಿ ಹೊಂಟ ಮ್ಯಾಲ ಮತ್ತ ಹಾಡಿಗೆ ಬರ್ತೀರಿ. ಅದೂ ಅಷ್ಟ ಅದ ಅಂತಿದ್ದ."

ಟ್ರಂಕಿನಿಂದ ಕ್ಯಾಸೆಟ್ಟುಗಳನ್ನು ತೆಗೆದಿಟ್ಟರು. ಸಾಹೇಬರ ಕಾರ್ಯಕ್ರಮದ ಹೊತ್ತಿಗೆ ರೇಡಿಯೋದ ಮುಂದೆ ಟೇಪ್‌ರೆಕಾರ್ಡರ್ ಇಟ್ಟು ತುಂಬಿಕೊಂಡಿದ್ದಂಥವು. ನನ್ನ ಎದೆ ಹಿಗ್ಗಿತು. ಅವರು ಮಾತ್ರ ತಲೆ ತಗ್ಗಿಸಿದರು.

"ಇದರಾಗ ಅವನ ಮಾತಿಲ್ರಿ ಅಕ್ಕಾರ. ನನಗ ಮದುವ್ಯಾಗ ಊದಾಕ ಹಾಡು ಬೇಕಿತ್ತು. ಅವ ಮಾತಿಗೆ ನಿಂತ ಅಂದ್ರ ಗುಂಡಿ ಒತ್ತಿ ನಿಲ್ಲಿಸ್ತಿದ್ದೆ. ಅವನ ಮಾತು ಚಹಾದಂಗಡ್ಯಾಗ ಇದ್ದದ್ದ ಇತ್ತಲ್ರಿ, ಅದಕ್ಯಾಕ ಕ್ಯಾಸೆಟ್ ಹಾಳ ಮಾಡಬೇಕಂತ."

ಕರೆಂಟು ಹೋಗಿದ್ದರಿಂದ ಹಾಕಿ ನೋಡಲೂ ಆಗಲಿಲ್ಲ. ಬೈಯುವ ಮುಖ ನನಗೆಲ್ಲಿತ್ತು? ಅವರು ಬರೀ ನಿಲ್ಲಿಸಿದ್ದರು, ನಾನು ಒರೆಸಿದ್ದೆ. ಬರಿಗೈಲಿ ಹೋಗುವುದಕ್ಕಿಂತ ಹಾಡನ್ನಾದರೂ ಒಯ್ಯೋಣವೆಂದೆ. ಮಾರುತಿಯವರು ಟೇಪ್‌ರೆಕಾರ್ಡರನ್ನು ಟವಲಿನಲ್ಲಿ ಸುತ್ತಿಕೊಂಡು ಜೊತೆಗೆ ಹೊರಟರು.

"ನಿಮಗ ಪುಕ್ಕಟ, ನನಗ ರೊಕ್ಕ," ಎಂದರು ಬಸ್ಸಿನಲ್ಲಿ. "ಮುಂದಿನ ಜನ್ಮದಾಗ ಹೆಣ್ಣಾಗಿ ಹುಟ್ಟಿ ಊರೂರು ತಿರುಗಿ ಕ್ಲಾರಿನೆಟ್ ಊದ್ತೀನ್ರಿ."

ನಕ್ಕೆವು. ಸಸ್ತಾಪುರ ಬಂಗ್ಲಾದ ಬಳಿ ಬಸ್ಸು ಹೆದ್ದಾರಿ ಬಿಟ್ಟು ಬಸವಕಲ್ಯಾಣದ ಕಡೆ ತಿರುಗುವಾಗ ಇಬ್ಬರ ನಗುವೂ ನಿಂತಿತ್ತು.

ಸಾಹೇಬರ ಮನೆ ಕೋಟೆಯ ಹಿಂದಿನ ಓಣಿಯಲ್ಲಿ. ಜುಬೇದಾ ಬೇಗಂ ಬಿಸಿ ಖಿಚಡಿ, ಹುಣಸೆಹುಳಿಯ ಖಟ್ಟಾ ಬಡಿಸಿದರು. ತಟ್ಟೆ ಎತ್ತಿದ ಮೇಲೆ ನನ್ನ ತಪ್ಪು ನಾನು ಹೇಳಿದೆ, ಮಾರುತಿ ತಮ್ಮದು ಹೇಳಿದರು. ಆಕೆ ಸೆರಗಿಗೆ ಕೈ ಒರೆಸಿಕೊಂಡು ನಮ್ಮೆದುರು ಕೂತರು.

"ನೀವ್ ಒರೆಸೀರಿ, ಇವರು ನಿಲ್ಲಿಸ್ಯಾರ. ನಾನಂತೂ ಕೇಳೇ ಇಲ್ರಿ," ಎಂದರು. "ಸಂಜಿ ಆರಕ್ಕ ಅವರ ಪ್ರೋಗ್ರಾಮು. ಅದೇ ಹೊತ್ತಿಗಿ ಹತ್ತು ಮಂದಿ ರೊಟ್ಟಿ ನನ್ನ ಕೈಯಾಗ. ಸ್ಟೋವಿನ ಸಪ್ಪಳದಾಗ ಒಂದಿನಾನೂ ಕೇಳಿಲ್ಲ. ಹ್ಯಾಂಗ ಇತ್ತು ಅಂತ ಕೇಳ್ತಿದ್ರು. ಚೊಲೋ ಇತ್ತು ಅಂತಿದ್ದೆ. ಹಲ್ಲಿದ್ದಾಗ ಕಡ್ಲಿ ಇಲ್ಲ, ಕಡ್ಲಿ ಇದ್ದಾಗ ಹಲ್ಲಿಲ್ಲ ಅಂದ್ಹಂಗ ಆತು ನಂದು."

ಮಾರುತಿಯವರು ಅರ್ಧಕ್ಕೆ ನಿಂತಿದ್ದ ಒಂದು ಕ್ಯಾಸೆಟ್ ಹಾಕಿದರು. ದೂರದ ಯಾವುದೋ ಊರಿನ ಕ್ಲಾರಿನೆಟ್ ಅಂಗಳದ ಬಿಸಿಲಲ್ಲಿ ಅಡ್ಡಾಡತೊಡಗಿತು. ನನಗೆ ಮತ್ತೆ ಬೆಳಗಿನ ಮಂಜಿನಲ್ಲಿ ಕೂತಂತಾಯಿತು. ಹಾಡು ಮುಗಿಯಿತು. ಟಕ್ ಎಂದು ಗುಂಡಿಯ ಸದ್ದು. ಅದರ ಬೆನ್ನಿಗೇ, ಬೇರೆ ಹಾಡು ಶುರುವಾಗುವ ಮೊದಲು, ಗಂಡಸಿನ ದನಿ:

"ಕೇಳ್ರಿ."

ಅವರದೇ ದನಿ. ಪ್ರತಿ ಹಾಡಿನ ಮುಂಚೆ "ಕೇಳ್ರಿ, ಕೇಳ್ರಿ" ಎಂದು ಎರಡು ಸಲ ಹೇಳುವುದು ಅವರ ಅಭ್ಯಾಸ. ರೇಡಿಯೋದಲ್ಲಿ ಶುದ್ಧವಾಗಿ ‘ಕೇಳಿ’ ಎನ್ನಿರೆಂದು ಮೇಲಿನವರು ಎಷ್ಟು ಹೇಳಿದರೂ ಬದಲಿಸಿರಲಿಲ್ಲ.

"ಮೊದಲನೇ ಕೇಳ್ರಿ ಬಂತಂದ್ರ ಹಾಡು ಬಂತಂತ ತಿಳಿದು ಗುಂಡಿ ಬಿಡ್ತಿದ್ದೆ," ಎಂದರು ಮಾರುತಿ. "ಎರಡನೇದು ಒಳಗ ಉಳದದ."

ಎರಡನೆಯ ಹಾಡು ಮುಗಿಯಿತು. ಟಕ್. "ಕೇಳ್ರಿ." ಹಾಡಿಗೊಂದು. ಎಲ್ಲ ಕ್ಯಾಸೆಟ್ಟುಗಳಲ್ಲೂ ಇರಬೇಕು. ಜುಬೇದಾ ಬೇಗಂ ತಲೆಯ ಮೇಲೆ ಸೆರಗೆಳೆದುಕೊಂಡು ಟೇಪ್‌ರೆಕಾರ್ಡರಿನ ಹತ್ತಿರ ಸರಿದು ಕೂತರು.

"ಕೇಳಾಕತ್ತೀನ್ರಿ," ಎಂದರು ಅದಕ್ಕೆ.

ನಾನು ಅತ್ತುಬಿಟ್ಟೆ. ಐದು ಗಂಟೆಯ ಬಸ್ಸು ಹಿಡಿಯಬೇಕಿತ್ತು. ಕ್ಯಾಸೆಟ್ಟುಗಳನ್ನೂ ಟೇಪ್‌ರೆಕಾರ್ಡರನ್ನೂ ಅಲ್ಲೇ ಬಿಟ್ಟು ಎದ್ದೆವು. ಹೊಸ್ತಿಲಲ್ಲಿ ನಿಂತು "ಬರ್ತೀವ್ರಿ" ಎಂದೆ. ಹಾಡೊಂದು ಮುಗಿಯುವುದರಲ್ಲಿತ್ತು. ಆಕೆ ನಮ್ಮ ಕಡೆ ತಿರುಗಲಿಲ್ಲ. ಕೈ ಎತ್ತಿ, ಸುಮ್ಮನಿರಿ ಎಂದು ಸನ್ನೆ ಮಾಡಿದರು.