ಅಣಕು ದಾಳಿಯ ಊಟ

ನಮ್ಮ ಕಡೆಯ ಒಂದು ಸರ್ಕಾರಿ ಆಸ್ಪತ್ರೆ. ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕರ ನಡುವೆ ಎಲ್ಲೋ ಇದೆ. ಊರಿನ ಹೆಸರು ಹೇಳಿ ನನಗೆ ಆಗಬೇಕಾದ್ದೇನೂ ಇಲ್ಲ. ಅಲ್ಲಿ ಮಾಯವ್ವ ಎಂಬ ಸ್ಟಾಫ್ ನರ್ಸ್ ಇದ್ದಾಳೆ. ಅವಳನ್ನು ದೇವತೆ ಮಾಡಿ ಆರತಿ ಎತ್ತುವ ಕಥೆ ಬೇಕಾದವರು ಬೇರೆ ಕಡೆ ನೋಡಿಕೊಳ್ಳಬಹುದು. ಅವಳ ಕೈ ಒಳ್ಳೆಯದು, ಬಾಯಿ ಕೆಟ್ಟದ್ದು. ಅವಳು ಸೂಜಿ ಚುಚ್ಚಿದರೆ ಗೊತ್ತೇ ಆಗುವುದಿಲ್ಲ, ಮಾತಿನಿಂದ ಚುಚ್ಚಿದರೆ ವಾರಗಟ್ಟಲೆ ಉರಿಯುತ್ತದೆ.

ತವರು ಬೀಳಗಿ ಕಡೆಯ ಕುರಿಗಾರರ ಮನೆ. ಅಪ್ಪ ಬೀರೇಶ್ವರನ ಭಕ್ತ. ಕಬ್ಬು ಕಡಿದು ಹೊಲ ಖಾಲಿಯಾಯಿತೆಂದರೆ ಅವರ ಹಿಂಡು ಸಮೀರವಾಡಿ ಸುತ್ತಲಿನ ಹೊಲಗಳಿಗೆ ಹೋಗಿ ನಿಲ್ಲುತ್ತಿತ್ತು. ಕುರಿ ರಾತ್ರಿಯಿಡೀ ಹೊಲದಲ್ಲಿ ನಿಂತರೆ ಗೊಬ್ಬರವಾಗುತ್ತದೆ, ಹೊಲದವರು ಜೋಳ ಕೊಡುತ್ತಾರೆ. ಆ ಜೋಳದ ರೊಟ್ಟಿ ತಿಂದು, ಹಾಸ್ಟೆಲಿನಲ್ಲಿದ್ದು, ಹುಡುಗಿ ನರ್ಸಿಂಗ್ ಓದಿದಳು. ಕೆಲಸಕ್ಕೆ ಸೇರಿದ ಮೊದಲ ವಾರವೇ ಹಳೆಯ ನರ್ಸೊಬ್ಬಳು, “ಎಲ್ಲಿಂದೋ ಕುರಿ ವಾಸನಿ ಬರಾಕತ್ತೈತೆಲ್ಲ” ಎಂದು ಕುರ್ಚಿ ದೂರ ಎಳೆದುಕೊಂಡಳು. ಅಂದಿನಿಂದ ಮಾಯವ್ವನಿಗೆ ಕುರ್ಚಿಯ ಮೇಲೆ ಕೂತವರೆಂದರೆ ಅಷ್ಟಕ್ಕಷ್ಟೇ. ಅದೇ ಮಂದಿ ಮನೆಯಲ್ಲಿ ಏನಾದರೂ ಕಾರ್ಯ ಬಂದಾಗ ಹಲ್ಲು ಕಿರಿದುಕೊಂಡು ಬಂದು, “ಸಿಸ್ಟರ್, ನಿಮ್ಮ ತಮ್ಮಗ ಹೇಳಿ ಒಂದ ಛಲೋ ಮರಿ ಕೊಡಸ್ರಿ” ಎನ್ನುತ್ತಿದ್ದರು. ಅವಳು ಕೊಡಿಸುತ್ತಿದ್ದಳು. ಕೊಡಿಸುತ್ತಲೇ ಒಳಗೊಳಗೆ ಅವರಿಗೆ ಉಗಿಯುತ್ತಿದ್ದಳು.

ಹೀಗಿರುವಾಗ ಮೇಲಿನಿಂದ ಆದೇಶ ಬಂತು. ವೈರಿಗಳು ಬಾಂಬಿನ ಬದಲು ರೋಗವನ್ನೇ ಬಿತ್ತಲು ಬಂದರೆ ಆಸ್ಪತ್ರೆಗಳು ಏನು ಮಾಡಬೇಕು, ಎಲ್ಲರೂ ಕಲಿಯತಕ್ಕದ್ದು. ಕಲಿಸಲು ಬಂದವರು ತಪಾಸಣೆಯ ದೊಡ್ಡ ಸಾಹೇಬರು. ಬೂಟು ಹೊಳೆಯುತ್ತಿತ್ತು, ಮಾತೂ ಹೊಳೆಯುತ್ತಿತ್ತು. ಉಗ್ರರು ಲಕೋಟೆಯೊಳಗೆ ಬಿಳಿ ಪುಡಿ ಹಾಕಿ ಕಳಿಸುತ್ತಾರಂತೆ. ಪುಡಿಯಲ್ಲಿ ಇರುವುದು ಆಂಥ್ರಾಕ್ಸ್. ದನ ಕುರಿಗಳಿಗೆ ಬರುವ ರೋಗ, ನೆರಡಿ ಅಂತ ಹಳ್ಳಿಯವರು ಕರೆಯುವುದು ಇದನ್ನೇ ಎಂದು ಸಾಹೇಬರು ಒಂದೇ ಒಂದು ವಾಕ್ಯ ಹೇಳಿ, ಮತ್ತೆ ಲಕೋಟೆಗೆ ಹೋದರು. ಪರದೆಯ ಮೇಲೆ ಒಂದು ಹುಣ್ಣಿನ ಚಿತ್ರ ಬಂತು. ನಡುವೆ ಕಪ್ಪು, ಸುತ್ತ ಬಾವು, ನೋವು ಇರುವುದಿಲ್ಲ, ಅದೇ ಇದರ ಗುರುತು ಎಂದರು.

ಮಾಯವ್ವ ಪಕ್ಕದಲ್ಲಿ ಕೂತ ನರ್ಸ್ ಪ್ರೀತಿಯ ಕಿವಿಯಲ್ಲಿ ಹೇಳಿದಳು: “ನಮ್ಮ ವಾರ್ಡಿನ ನಳಕ್ಕ ನೀರ ಬರಂಗಿಲ್ಲ. ಇವರು ಉಗ್ರರ ಲಕೋಟಿ ಹಾದಿ ಕಾಯಾಕತ್ತಾರ.” ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ನಗಬೇಕಾದ್ದೇ ಆಗಿತ್ತು, ನಾನಾಗಿದ್ದರೂ ನಗುತ್ತಿದ್ದೆ.

ಕಲಿಸಿದ್ದಾಯಿತು, ಇನ್ನು ಅಣಕು ದಾಳಿ. ನಮ್ಮ ಆಸ್ಪತ್ರೆಯ ಮುಖ್ಯ ವೈದ್ಯ ಡಾಕ್ಟರ್ ಗೌರೀಶ ಅದಕ್ಕಾಗಿ ಪಟ್ಟ ಕಷ್ಟವನ್ನು ಒಂದು ಹೆರಿಗೆಗಾದರೂ ಪಟ್ಟಿದ್ದರೆ ಊರು ಅವನನ್ನು ಹೊತ್ತು ಮೆರೆಸುತ್ತಿತ್ತು. ಮುರಿದ ಮಂಚ ತುಂಬಿದ್ದ ಕೋಣೆಯನ್ನು ಖಾಲಿ ಮಾಡಿಸಿ, ಸುಣ್ಣ ಬಳಿಸಿ, ಸೋಂಕಿನವರನ್ನು ಬೇರೆಯಾಗಿಡುವ ಕೋಣೆ ಎಂದು ಬೋರ್ಡು ಹಾಕಿಸಿ, ಬಾಗಿಲಿಗೆ ರಿಬ್ಬನ್ ಕಟ್ಟಿಸಿದ. ನೀರಿನ ಟ್ಯಾಂಕರ್ ತರಿಸಿದ. ಕರೋನಾ ಕಾಲದ ಬಿಳಿ ಕೋಟುಗಳನ್ನು ಗಂಟು ಬಿಚ್ಚಿ ಹಂಚಿದ. ಅವನದೇ ಕೋಟಿನ ಜಿಪ್ಪು ಹೊಟ್ಟೆಯ ಹತ್ತಿರ ಬಂದು ನಿಂತುಬಿಟ್ಟಿತು. ದಿನವಿಡೀ ಅಲ್ಲಿಗೊಂದು ಫೈಲು ಅಡ್ಡ ಹಿಡಿದುಕೊಂಡೇ ಓಡಾಡಿದ.

ಅಣಕು ದಾಳಿಯ ಹಿಂದಿನ ದಿನ ಅವನು ಮಾಯವ್ವನನ್ನು ಕರೆದು, “ಸಿಸ್ಟರ್, ಸಾಹೇಬ್ರು ಮಟನ್ ಅಂದ್ರ ಜೀವಾ ಬಿಡ್ತಾರ. ನಿಮ್ಮ ತಮ್ಮಗ ಒಂದ ಮಾತ ಹೇಳ್ರಿ” ಎಂದ. ದುಡ್ಡಿನ ಮಾತು ಬರಲಿಲ್ಲ. ಬರುವುದೂ ಇಲ್ಲ.

ಮಾಯವ್ವನ ತಮ್ಮ ಅಮಸಿದ್ದಪ್ಪ. ಅಪ್ಪನ ಹಿಂಡು ಈಗ ಅವನದು. ಮರುದಿನ ಮುಂಜಾನೆ ಅವನೇ ಫೋನು ಮಾಡಿದ.

“ಅಕ್ಕಾ, ಮಟನ್ ಕಳಸಾಕತ್ತೇನಿ.”

“ಕುರಿ ಛಲೋ ಐತಿಲ್ಲೋ?”

“ಮುಂಜಾನೆ ದಡ್ಡ್ಯಾಗ ನಡಗಿ ಗಪ್ಪನ ಬಿತ್ತ. ಓಡಿ ಹೋಗಿ ಕೊಯ್ದೆ. ಜೀವ ಇತ್ತು.”

ಕುರಿಗಾರರಲ್ಲಿ ಒಂದು ಲೆಕ್ಕಾಚಾರ ಇದೆ. ದಡ್ಡಿಯಲ್ಲಿ, ಅಂದರೆ ಕುರಿಗಳನ್ನು ಕೂಡಿಹಾಕಿದ ಜಾಗದಲ್ಲಿ, ಕುರಿ ಒಮ್ಮೆಲೆ ಬಿದ್ದರೆ ಚೂರಿ ಹಿಡಿದು ಓಡುತ್ತಾರೆ. ಉಸಿರು ನಿಲ್ಲುವ ಮೊದಲು ಚೂರಿ ತಾಗಿತೆಂದರೆ ಅದು ಕೊಯ್ದ ಕುರಿ, ಉಣ್ಣಬಹುದು, ಸುತ್ತಲಿನ ಗುಡಿಸಲುಗಳಿಗೆ ಪಾಲು ಹಂಚಬಹುದು. ತಡವಾದರೆ ಸತ್ತ ಕುರಿ, ಹೂಳಬೇಕು. ಯಾಕೆ ಬಿತ್ತು ಎಂದು ಯಾರೂ ಕೇಳುವುದಿಲ್ಲ. ಮಾಯವ್ವನೂ ಇದನ್ನೇ ಉಂಡು ಬೆಳೆದವಳು. ನರ್ಸಿಂಗ್ ಓದಿದ ಮೇಲೆ ಬಿದ್ದ ಕುರಿ ತಿನ್ನುವುದನ್ನು ಬಿಟ್ಟಿದ್ದಳು, ತಮ್ಮನಿಗೂ ಎಷ್ಟೋ ಸಲ ಬೈದು ಬುದ್ಧಿ ಹೇಳಿದ್ದಳು.

ಅವತ್ತು ಬೈಯಲಿಲ್ಲ. “ಲೇ, ಸಾಹೇಬ್ರಿಗೆ ಬಿದ್ದ ಕುರಿ ಕಳಸ್ತೀಯೇನೋ?” ಎಂದಳು. ಧ್ವನಿಯಲ್ಲಿ ಆಗಲೇ ನಗು ಇತ್ತು.

“ಮತ್ತ ಛಲೋದೊಂದ ಕೊಯ್ದ ಹಾಕ್ಲೇನ ಅವ್ರಿಗೆ? ಅಷ್ಟ ಹುಚ್ಚ ಅಲ್ಲಕ್ಕಾ ನಾ.”

“ಆತ ಬಿಡು. ಅವ್ರಿಗೆ ಇಷ್ಟ ಸಾಕ” ಎಂದು ಮಾಯವ್ವ ಫೋನು ಇಟ್ಟಳು. ರೋಗದ ವಿಚಾರ ಅವಳ ತಲೆಗೆ ಹೊಳೆಯಲಿಲ್ಲ. ಬಿಸಿಲಿಗೆ ಬಿದ್ದಿರಬೇಕು ಅಂದುಕೊಂಡಳು. ಆಂಥ್ರಾಕ್ಸ್ ಎಂದರೆ ಅವಳ ಮನಸ್ಸಿನಲ್ಲಿ ಲಕೋಟೆ, ಹೊಳೆಯುವ ಬೂಟು, ಬರೀ ಪೊಗರಿನ ಮಾತು. ಕುರಿ ಎಂದರೆ ತವರುಮನೆ. ಎರಡನ್ನೂ ಅವಳು ಒಂದೇ ಕಡೆ ಇಟ್ಟು ನೋಡಿರಲೇ ಇಲ್ಲ.

ಅಣಕು ದಾಳಿ ಭರ್ಜರಿಯಾಗಿ ನಡೆಯಿತು. ಆಂಬ್ಯುಲೆನ್ಸ್ ಡ್ರೈವರ್ ಕಾಶಪ್ಪ ದಾಳಿಗೆ ಸಿಕ್ಕ ರೋಗಿ. ಅವನ ಎದೆಯ ಮೇಲೆ ರಂಗೋಲಿ ಪುಡಿ ಚೆಲ್ಲಿ ನರಳು ಎಂದರು. ಪಾಪ, ಆ ಮನುಷ್ಯ ಎಷ್ಟು ಮನಸ್ಸಿಟ್ಟು ನರಳಿದನೆಂದರೆ ಬಿ.ಪಿ. ತೋರಿಸಲು ಬಂದಿದ್ದ ಮುದುಕಿಯೊಬ್ಬಳು ನಿಜವಾಗಿಯೂ ಅತ್ತಳು. ಫೋಟೋಕ್ಕೆ ಮುಖ ಕಾಣಲೆಂದು ಎಲ್ಲರೂ ಮಾಸ್ಕು ಕೆಳಗಿಳಿಸಿದರು. ಸಾಹೇಬರು ರಿಬ್ಬನ್ ಕತ್ತರಿಸಿದರು. ಇಡೀ ರಾಜ್ಯಕ್ಕೇ ಇದು ಮಾದರಿ ಎಂದರು.

ಆಮೇಲೆ ಊಟ. ಅಡುಗೆ ಮಾಡಿದ್ದು ಕಾಶಪ್ಪನ ಹೆಂಡತಿ ಹಣಮವ್ವ. ಆಸ್ಪತ್ರೆಯಲ್ಲಿ ದೊಡ್ಡ ಊಟವಿದ್ದಾಗಲೆಲ್ಲ ಅವಳನ್ನೇ ಕರೆಸುವುದು. ಮಟನ್ ತೊಳೆದು, ಹೆಚ್ಚಿ, ಕುದಿಸಿ, ಬಂದವರಿಗೆಲ್ಲ ಬಡಿಸಿ ಮನೆಗೆ ಹೋದಳು. ಸಾಹೇಬರು ಬೆವರು ಒರೆಸಿಕೊಳ್ಳುತ್ತ ಎರಡನೇ ಸಲ ಹಾಕಿಸಿಕೊಂಡರು. ಗೌರೀಶ ಎಲುಬು ಚೀಪಿದ. ಕಾಶಪ್ಪ ರಂಗೋಲಿ ತೊಳೆದುಕೊಂಡು ಬಂದು ಕೊನೆಯಲ್ಲಿ ಕೂತು ಉಂಡ. ಮಾಯವ್ವ ರೊಟ್ಟಿ, ಬದನೆ ಎಣ್ಣೆಗಾಯಿ ಹಾಕಿಸಿಕೊಂಡಿದ್ದಳು.

“ಸಿಸ್ಟರ್, ನೀವ್ಯಾಕ ಮಟನ್ ತಗೊಳ್ಳಿಲ್ಲ?” ಎಂದು ಸಾಹೇಬರು ಕೇಳಿದರು.

“ಹುಟ್ಟಿದಾಗಿಂದ ತಿಂದ ತಿಂದ ಬ್ಯಾಸರ ಆಗೇತ್ರೀ” ಎಂದಳು. ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ಅವಳೇ ನಕ್ಕಳು, ಅವರು ಉಣ್ಣುವುದನ್ನು ನೋಡಿಯೇ ಅವಳ ಹೊಟ್ಟೆ ತುಂಬಿತ್ತು.

ವಾರದೊಳಗೆ ಅಮಸಿದ್ದಪ್ಪ ಆಸ್ಪತ್ರೆಗೆ ಬಂದ. ಬಲಗೈ ಮೊಣಕೈವರೆಗೆ ಬಾತಿತ್ತು. ಹೆಬ್ಬೆರಳ ಬುಡದಲ್ಲಿ ಹುಣ್ಣು, ಅದರ ನಡುವೆ ಇದ್ದಲಿನಷ್ಟು ಕಪ್ಪು.

“ನೋವೈತೇನೋ?” ಎಂದಳು ಮಾಯವ್ವ. ಇದೆ ಎನ್ನಲಿ ಎಂದು ಎಲ್ಲ ದೇವರನ್ನೂ ಬೇಡಿಕೊಂಡಳು.

“ಇಲ್ಲಕ್ಕಾ. ಇಷ್ಟ ಬಾತೈತಿ, ಚೂರೂ ನೋವಿಲ್ಲ ನೋಡು.”

ಪರದೆಯ ಮೇಲೆ ನೋಡಿದ್ದೂ ಇದೇ ಹುಣ್ಣು. ಅವಳು ಗೌರೀಶನನ್ನು ಕರೆದಳು. ಅವನೂ ನೋಡಿದ ಕೂಡಲೇ ಗುರುತು ಹಿಡಿದ. ಅವನು ದಡ್ಡನಲ್ಲ, ದಡ್ಡನಾಗಿದ್ದರೆ ಕ್ಷಮಿಸಬಹುದಿತ್ತು. ಈಚೆಗೆ ಕುರಿ ಏನಾದರೂ ಸುಲಿದಿದ್ದೀಯಾ ಎಂದು ಕೇಳಿದ.

“ಸುಲಿದೇನ್ರೀ ಡಾಕ್ಟರ್ ಸಾಹೇಬ್ರ. ನಿಮಗ ಕಳಿಸಿದ್ನೆಲ್ರೀ, ಅದಽ ಕುರಿ. ಅದರ ಹಿಂದ ಮತ್ತ ಮೂರ ಬಿದ್ದಾವ. ಬಾಜೂ ಗುಡಿಸಲದವ್ರೂ ಪಾಲ ಒಯ್ದಾರ. ಊಟ ಛಲೋ ಆಗಿತ್ತಿಲ್ರೀ?”

ಗೌರೀಶ ರೋಗಿಯನ್ನು ಅಲ್ಲೇ ಬಿಟ್ಟು ಔಷಧದ ಕೋಣೆಗೆ ನಡೆದ. ಮೊದಲ ಗುಳಿಗೆ ಹೋದದ್ದು ಅವನ ಬಾಯಿಗೆ. ರಿಬ್ಬನ್ ಕತ್ತರಿಸಿದ ಕೋಣೆಗೆ ಮುರಿದ ಮಂಚಗಳು ಮರುದಿನವೇ ಮರಳಿ ಬಂದಿದ್ದವು. ನಿಜವಾದ ರೋಗಿಯನ್ನು ಮಾಯವ್ವ ಪಡಸಾಲೆಯ ಬೆಂಚಿನ ಮೇಲೆ ಕೂರಿಸಿ, ಅವಳೇ ಇಂಜೆಕ್ಷನ್ ಶುರು ಮಾಡಿದಳು.

ಅಷ್ಟರಲ್ಲಿ ಗೌರೀಶ ಸಾಹೇಬರಿಗೆ ಫೋನು ಮಾಡಿ ಬಂದು ಅವಳನ್ನು ಒಳಗೆ ಕರೆದ. ಸಾಹೇಬರ ಅಪ್ಪಣೆ ಸರಳವಾಗಿತ್ತು. ಇದು ಹುಳ ಕಡಿದ ಗಾಯ. ಉಂಡವರಿಗೆಲ್ಲ ವಿಟಮಿನ್ ಅಂತ ಹೇಳಿ ಗುಳಿಗೆ ಕೊಡುವುದು. ಪಶು ಆಸ್ಪತ್ರೆಗೆ ಸುದ್ದಿ ಬೇಡ. ಅಣಕು ದಾಳಿಯ ಬಗ್ಗೆ ಬೆಂಗಳೂರಿನಲ್ಲಿ ಮಾತಾಡಲು ಸಾಹೇಬರಿಗೆ ಕರೆ ಬಂದಿದೆ.

“ಸುದ್ದಿ ಕೊಡ್ಲಿಲ್ಲಂದ್ರ ಉಳದ ಕುರಿಗೆ ಲಸಿಕಿ ಯಾರ ಹಾಕ್ತಾರ್ರೀ? ಗುಡಿಸಲದಾಗ ಕೂಸುಗಳದಾವ. ಬಿದ್ದ ಕುರಿ ಇವತ್ತೂ ಕೊಯ್ತಾರ, ನಾಳೀನೂ ಕೊಯ್ತಾರ” ಎಂದಳು ಮಾಯವ್ವ.

“ಸುದ್ದಿ ಕೊಟ್ರ ಮೊದಲ ಕೇಳೂದು ಮಟನ್ ಯಾರ ತರಿಸಿದ್ರು ಅಂತ” ಎಂದ ಗೌರೀಶ. “ನೀನಽ ತರಿಸಿದ್ದು. ಎಲ್ಲಾರೂ ಉಂಡಾರ, ನೀ ಒಬ್ಬಾಕಿ ಉಂಡಿಲ್ಲ. ಬೇಕಂತಽ ಹಾಕ್ಯಾಳ ಅಂತ ನಾ ಹೇಳ್ತೇನಿ. ನೌಕರಿ ಅಷ್ಟ ಅಲ್ಲ, ಜೈಲ ಕಾಣ್ತೀದಿ.”

ಹೆದರಿಸಲು ಅಂದ ಮಾತು ಅದು. ಅದರಲ್ಲಿ ಅರ್ಧ ಸತ್ಯ ಇದೆಯೆಂದು ಆ ಪುಣ್ಯಾತ್ಮನಿಗೇ ಗೊತ್ತಿರಲಿಲ್ಲ.

ಹೊರಗೆ ಬಂದರೆ ತಮ್ಮನದೂ ಅದೇ ರಾಗ. “ಅಕ್ಕಾ, ನಿನ್ನ ಕಾಲ ಬೀಳ್ತೇನಿ. ರೋಗದ ಕುರಿ ಅಂತ ಸುದ್ದಿ ಆದ್ರ ನಮ್ಮನ್ನ ಯಾರ ಹೊಲದಾಗ ನಿಲ್ಲಸ್ತಾರ? ಹೊಟ್ಟಿಗೇನ ತಿನ್ನೂಣು?” ಅವನ ಗುಡಿಸಲಿನಲ್ಲೇ ಅವನ ಮಗಳು ಶೀತಲ್ ಇದ್ದಳು, ಇನ್ನೂ ಹಲ್ಲು ಬೀಳುವ ವಯಸ್ಸು, ಕುರಿ ಸುಲಿಯುವಾಗ ಅದರ ಕಾಲು ಹಿಡಿದು ನಿಲ್ಲುವವಳು ಅವಳೇ.

ಪಡಸಾಲೆ ತುಂಬ ಚೀಟಿ ಹಿಡಿದ ಮಂದಿ. ಮಾಯವ್ವ ಅವರ ನಡುವೆಯೇ ನಿಂತು ಪಶು ಆಸ್ಪತ್ರೆಗೆ ಫೋನು ಹಚ್ಚಿದಳು. ಹಿಂಡು ಎಲ್ಲಿದೆ, ಎಷ್ಟು ಬಿದ್ದಿವೆ, ಪಾಲು ಯಾರಿಗೆ ಹೋಗಿದೆ, ತಮ್ಮನ ಕೈ ಹೇಗಿದೆ, ಎಲ್ಲವನ್ನೂ ಹೇಳಿದಳು. ಕೊನೆಗೆ, “ಅದಽ ಮಟನ್ ಇಲ್ಲಿ ಆಸ್ಪತ್ರ್ಯಾಗ ಎಲ್ಲಾರೂ ಉಂಡಾರ್ರೀ. ತರಿಸಿದಾಕಿ ನಾನು. ಬಿದ್ದ ಕುರಿ ಅಂತ ನನಗ ಗೊತ್ತಿತ್ತು” ಎಂದಳು.

ಬಾಗಿಲಲ್ಲಿ ಗೌರೀಶ ಸುಣ್ಣದ ಗೋಡೆಯಂತೆ ಬೆಳ್ಳಗಾಗಿ ನಿಂತಿದ್ದ. ಮಾಯವ್ವ ಅವನ ಕಡೆ ತಿರುಗಿದಳು.

“ನಿಮಗ ಬಿದ್ದ ಕುರೀನ ಸಾಕ ಅಂತ ನನಗ ಅನಿಸಿತ್ರೀ ಸರ್” ಎಂದಳು.

ಖರೆ ಹೇಳಬೇಕೆಂದರೆ ಆ ಗಳಿಗೆಯಲ್ಲೂ ಅವಳಿಗೆ ಒಂದಿಷ್ಟು ಖುಷಿಯಾಯಿತು. ಕುರ್ಚಿ ದೂರ ಎಳೆದವಳಿಂದ ಹಿಡಿದು ಎಲ್ಲರಿಗೂ ಸೇರಿಸಿ ಹೇಳಿದ ಮಾತು ಅದು. ನೌಕರಿ ಹೋದರೆ ಹೋಗಲಿ, ಮಾತು ಮುಟ್ಟಿತಲ್ಲ ಎಂದುಕೊಂಡಳು.

ಆಗ ಕಂಬದ ಹತ್ತಿರದಿಂದ ಕಾಶಪ್ಪ ಮುಂದೆ ಬಂದ. ಇಷ್ಟು ಹೊತ್ತೂ ಅಲ್ಲೇ ನಿಂತು ಕೇಳಿದ್ದ. ಅವನಿಗೆ ಸಿಟ್ಟು ಬಂದಿರಲಿಲ್ಲ, ಬಂದಿದ್ದರೆ ಎಷ್ಟೋ ಮೇಲಾಗಿತ್ತು.

“ಅಕ್ಕಾರ, ಸಾಹೇಬ್ರಿಗೆ ಅಷ್ಟ ಸಾಕ ಅಂತ ನಿಮಗ ಅನಿಸ್ತು, ಆತು. ನಾ ಉಂಡೇನಿ, ಅದೂ ಹೋಗ್ಲಿ. ಹಣಮವ್ವ ಅದನ್ನ ಬರಿಗೈಲೆ ತೊಳದಾಳ್ರೀ. ಆಕಿ ನೆನಪ ಬರಲಿಲ್ಲೇನ್ರೀ ನಿಮಗ?”

ಬಂದಿರಲಿಲ್ಲ. ಮಾಯವ್ವ ಗುಳಿಗೆಯ ಪೊಟ್ಟಣ ಕಿಸೆಗೆ ಹಾಕಿಕೊಂಡು ಆಂಬ್ಯುಲೆನ್ಸಿನಲ್ಲಿ ಅವನ ಪಕ್ಕ ಕೂತಳು. ಗಾಡಿ ಕಾಶಪ್ಪನ ಮನೆಯ ಮುಂದೆ ಹೋಗಿ ನಿಂತಿತು.

ಹಣಮವ್ವ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಆಸ್ಪತ್ರೆಯ ದೊಡ್ಡ ನರ್ಸು ತನ್ನ ಮನೆಗೆ ಬಂದದ್ದು ನೋಡಿ ಅವಳಿಗೆ ಹಿಗ್ಗೋ ಹಿಗ್ಗು. “ಬರ್ರಿ ಅಕ್ಕಾರ, ಒಳಗ ಬರ್ರಿ, ಚಾ ಇಡ್ತೇನಿ” ಎಂದು ಏಳಹೋದಳು. ಮಾಯವ್ವ ಅವಳನ್ನು ಕೂರಿಸಿ, ತಾನೂ ನೆಲಕ್ಕೇ ಕೂತು, ಅವಳ ಎರಡೂ ಕೈ ಹಿಡಿದುಕೊಂಡು ಬೆರಳು ಬೆರಳು ತಿರುಗಿಸಿ ನೋಡಿದಳು. ಎಡಗೈ ಮಣಿಕಟ್ಟಿನ ಹತ್ತಿರ ಒಂದು ಗುಳ್ಳೆ ಎದ್ದಿತ್ತು, ಸುತ್ತ ಸಣ್ಣಗೆ ನೀರು ತುಂಬಿಕೊಂಡಿತ್ತು.

“ಗುಂಗಾಡ ಕಡದೈತ್ರೀ ಅದು. ನೋವಿಲ್ಲ ಏನಿಲ್ಲ, ಬಿಡ್ರಿ” ಎಂದು ಹಣಮವ್ವ ನಾಚಿ ಕೈ ಎಳೆದುಕೊಳ್ಳಲು ನೋಡಿದಳು. ಮಾಯವ್ವ ಬಿಡಲಿಲ್ಲ. “ಅವತ್ತ ಬಡಿಸಿ ಹಂಗಽ ಬಂದ್ಬಿಟ್ಟೆ, ಯಾರನ್ನೂ ಕೇಳಾಕ ಆಗಲಿಲ್ಲ. ಮಟನ್ ಛಲೋ ಆಗಿತ್ತಿಲ್ರೀ? ನಿಮಗ ರುಚಿ ಹತ್ತಿತ್ತಿಲ್ರೀ ಅಕ್ಕಾರ?”

“ನಾ ಉಣ್ಣಲಿಲ್ಲವ್ವ” ಎಂದಳು ಮಾಯವ್ವ.

“ಯಾಕ್ರೀ?” ಎಂದಳು ಹಣಮವ್ವ.