ಕಂಬದ ಬುಡದ ಸಿಮೆಂಟು

ಡಿಸೆಂಬರ್‌ನ ಭೂಕಂಪದ ನಂತರ ಅಮಾ ಯೆರ್ನಿ ಕುಳಿತು ಊಟ ಮಾಡಿದ್ದನ್ನು ಯಾರೂ ನೋಡಲಿಲ್ಲ. ನಮ್ಮ ನಿಯಾಸ್ ದ್ವೀಪದ ಪಶ್ಚಿಮ ತೀರದ ಊರುಗಳನ್ನು ಸಮುದ್ರ ಕೊಚ್ಚಿಕೊಂಡು ಹೋಗಿತ್ತು. ಗುಡ್ಡದ ಮೇಲಿನ ನಮ್ಮೂರು ಅಲುಗಿ ನಿಂತಿತ್ತು, ಅಷ್ಟೇ. ಜನ ಸಮುದ್ರದ ಮಾತಾಡುತ್ತಿದ್ದರೆ ಈ ಬಡಗಿ ಬೇಯಿಸಿದ ಗೆಣಸು ಕೈಯಲ್ಲಿ ಹಿಡಿದು ಮನೆಗಳ ಕೆಳಗೆ ನುಸುಳಿ, ಹಂದಿಗಳನ್ನು ಸರಿಸಿ, ಕಂಬಗಳ ಬುಡ ನೋಡುತ್ತಿದ್ದ. ಅವನ ಹೆಸರು ಫಾತೊಲೊಸಾ. ಮಗಳು ಯೆರ್ನಿ ಹುಟ್ಟಿದ ಮೇಲೆ ಎಲ್ಲರಿಗೂ ಅವನು ಅಮಾ ಯೆರ್ನಿ, ಯೆರ್ನಿಯ ಅಪ್ಪ.

ನಮ್ಮ ಮನೆಗಳ ಕಂಬಗಳನ್ನು ನೆಲದಲ್ಲಿ ಹೂಳುವುದಿಲ್ಲ; ಅವು ಚಪ್ಪಟೆ ಕಲ್ಲುಗಳ ಮೇಲೆ ಸುಮ್ಮನೆ ನಿಂತಿರುತ್ತವೆ. ಏಳು ವರ್ಷದ ಹಿಂದೆ ಪಟ್ಟಣದ ಕಟ್ಟಡಗಳಲ್ಲಿ ದುಡಿದು ಬಂದ ಅಮಾ ಯೆರ್ನಿಗೆ ಇದು ತಿಳಿಯದವರ ಕೆಲಸವೆಂದು ಕಂಡಿತ್ತು. ಹನ್ನೊಂದು ಮನೆಗಳ ಕಂಬಗಳನ್ನು ಅವನೇ ಸಿಮೆಂಟು ಹಾಕಿ ಕಲ್ಲಿಗೆ ಬಿಗಿದ. ಮೊದಲನೆಯದು ಅವನ ಅಕ್ಕ ಇನಾ ಮೆದಿಯ, ಎಂದರೆ ಮೆದಿಯ ಅಮ್ಮನ, ಮನೆ.

ಈಗ ಅವನ ಅಳತೆ ಬೇರೆಯೇ ಹೇಳುತ್ತಿತ್ತು. ಬಿಡಿಯಾಗಿದ್ದ ಕಂಬಗಳು ಕಲ್ಲಿನ ಮೇಲೆ ಎರಡು ಬೆರಳು ಜಾರಿ, ಏನೂ ಆಗದೆ ನಿಂತಿದ್ದವು. ಸಿಮೆಂಟು ಹಾಕಿದವು ಜಾರಲಾಗದೆ ಬುಡದಿಂದ ಒಂದು ಗೇಣು ಮೇಲೆ ಸೀಳಿದ್ದವು. ಹನ್ನೊಂದು ಮನೆಗಳಲ್ಲೂ ಅದೇ ಎತ್ತರದಲ್ಲಿ.

ಜನವರಿಯಲ್ಲಿ ಚಾಣ, ಸುತ್ತಿಗೆ ಹಿಡಿದು ಒಡೆಯಲು ಶುರುಮಾಡಿದ.

"ಹಾಕೋದೂ ನೀನೇ, ಒಡೆಯೋದೂ ನೀನೇ," ಎಂದು ಜನ ನಕ್ಕರು. "ನಿಂಗೆ ಕೆಲಸ ತಪ್ಪೋದೇ ಇಲ್ಲ ಬಿಡು."

ಅವನು ಊರಿನ ಆಚೆ ತುದಿಯಿಂದ ಆರಂಭಿಸಿದ್ದ. ತನ್ನ ಮನೆಯ ಪಕ್ಕದಲ್ಲೇ ಇದ್ದ ಅಕ್ಕನ ಮನೆಯನ್ನು ದಾಟುವಾಗ ಮಾತ್ರ ತಲೆ ತಗ್ಗಿಸಿ ಬೇಗ ನಡೆಯುತ್ತಿದ್ದ. ಹತ್ತು ಮನೆ ಮುಗಿಯುವ ಹೊತ್ತಿಗೆ ಈಸ್ಟರ್‌ಗೆ ನಾಲ್ಕೇ ದಿನ ಉಳಿದಿತ್ತು. ಆಮೇಲೆ ಬೇರೆ ದಾರಿಯಿರಲಿಲ್ಲ.

ಇನಾ ಮೆದಿ ಹಂದಿಗಳಿಗೆ ಗೆಣಸಿನ ಬಳ್ಳಿ ಕತ್ತರಿಸುತ್ತಿದ್ದಳು.

"ಅಕ್ಕಾ, ಸಿಮೆಂಟು ತೆಗೀಬೇಕು."

"ಯಾಕೆ? ನೂರು ವರ್ಷ ಅಲ್ಲಾಡಲ್ಲ ಅಂತ ನಿಮ್ಮ ಭಾವನ ಮುಂದೆ ಎದೆ ತಟ್ಕೊಂಡಿದ್ದೆಯಲ್ಲ."

"ಅಲ್ಲಾಡ್ಬೇಕಿತ್ತು ಅದು. ನಂದೇ ತಪ್ಪು."

"ಬೇಡ ಅಂದ್ರು ಅವರು. ಹಳೇ ತಲೆ ಅಂತ ನಕ್ಕಿದ್ದೆ ನೀನು. ಸಾಯೋವರೆಗೂ ಹೇಳ್ತಿದ್ರು."

ಅಮಾ ಯೆರ್ನಿ ಬಗ್ಗಿ ಹತ್ತಿರದ ಕಂಬದ ಸೀಳಿನ ಮೇಲೆ ಬೆರಳಾಡಿಸಿದ.

"ಹಬ್ಬಕ್ಕೆ ಮೆದಿ ಬರ್ತಾಳೆ, ಅಳಿಯ ಬರ್ತಾನೆ. ಈಗ ಧೂಳೆಬ್ಬಿಸಬೇಡ. ಸೋಮವಾರ ಬಾ."

"ಅಲ್ಲೀತನಕ ಎಲ್ಲರೂ ನಮ್ಮನೇಲಿ ಮಲಗಿ."

"ನನ್ನ ಹಂದಿಗಳನ್ನ ಯಾರು ನೋಡ್ಕೋತಾರೆ? ನಿನ್ನ ಸಿಮೆಂಟಾ?"

ಸೋಮವಾರ ಬೆಳಿಗ್ಗೆ ಮಗಳು, ಅಳಿಯ ಹೊರಟರು. ಅವರು ಮೆಟ್ಟಿಲಿಳಿಯುವ ಮೊದಲೇ ಕೆಳಗೆ ಸುತ್ತಿಗೆಯ ಸದ್ದು ಕೇಳುತ್ತಿತ್ತು. ಸಂಜೆಗೆ ಹದಿನಾಲ್ಕು ಕಂಬಗಳಲ್ಲಿ ಹನ್ನೊಂದು ಬಿಡುಗಡೆಯಾದವು. ಉಳಿದವು ಅಡುಗೆಮನೆ ಮೂಲೆಯ ಮೂರು. ಅವನ ಅಂಗೈ ಬಾತುಕೊಂಡಿತ್ತು. ಇನಾ ಮೆದಿ ಸುತ್ತಿಗೆಯನ್ನು ಕೈಯಿಂದ ಕಿತ್ತುಕೊಂಡಳು.

"ಸಾಕು ಹೋಗು. ನಾಳೆ ಮಾಡಿದ್ರಾಯ್ತು."

ಅದೇ ರಾತ್ರಿ ಎರಡನೆಯ ಭೂಕಂಪವಾಯಿತು. ಪಟ್ಟಣದ ಸಿಮೆಂಟಿನ ಮನೆಗಳು ನೂರಾರು ಜನರ ಮೇಲೆ ಕುಸಿದವು. ನಮ್ಮೂರಲ್ಲಿ ಆ ಹತ್ತು ಮನೆಗಳೂ ಕಲ್ಲಿನ ಮೇಲೆ ಜಾರಿ ನಿಂತವು. ಇನಾ ಮೆದಿಯ ಮನೆಯ ಹನ್ನೊಂದು ಕಂಬಗಳು ಜಾರಿದವು, ಮೂರು ಬಿಡಲಿಲ್ಲ. ಆ ಮೂರರ ಸುತ್ತ ಮನೆ ತಿರುಚಿ, ಅವು ಗೇಣೆತ್ತರದ ಸೀಳಿನಲ್ಲೇ ಮುರಿದು, ಅಡುಗೆಮನೆ ಹಂದಿಗಳ ಮೇಲೆ ಕುಳಿತುಬಿಟ್ಟಿತು. ಮುಂದಿನ ಕೋಣೆಯಲ್ಲಿ ಮಲಗಿದ್ದ ಅವಳು ಮುರಿದ ಎಡಗೈಯನ್ನು ಎದೆಗೊತ್ತಿಕೊಂಡು ಸೂರಿನ ಕಿಂಡಿಯಿಂದ ಹೊರಬಂದಳು.

ವಾರದ ನಂತರವೂ ಇಡೀ ಊರು ಮನೆಯೊಳಗೆ ಮಲಗಲು ಹೆದರಿ ಟಾರ್ಪಾಲಿನ ಕೆಳಗೇ ಇತ್ತು. ಅಮಾ ಯೆರ್ನಿ ಅಕ್ಕನಿಗೆ ಗಂಜಿ ತಂದುಕೊಟ್ಟು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತ.

"ಊರೆಲ್ಲ ಸುತ್ತಿ ನಮ್ಮನೆಗೆ ಕಡೇಲಿ ಬಂದ್ಯಲ್ಲ, ಯಾಕೆ?" ಅವಳು ಕೇಳಿದಳು.

"ನೀನು ಬೈತೀಯ ಅಂತ."

"ಬೈದೆನಲ್ಲ."

"ಹ್ಞೂಂ."

"ಸತ್ತುಹೋದ್ಯೇನು ಅದರಿಂದ?"

"ಇಲ್ಲ."

"ಜನವರೀಲೇ ಬಂದು ಬೈಸ್ಕೊಂಡಿದ್ರೆ ನನ್ನ ಹಂದಿಗಳು ಉಳೀತಿದ್ವು."

ಅಷ್ಟರಲ್ಲಿ ನೆಲ ಮತ್ತೆ ನಡುಗಿತು. ಅವನು ತಟ್ಟನೆ ಎದ್ದ. ಇನಾ ಮೆದಿ ಸರಿಯಿದ್ದ ಕೈಯಿಂದ ಅವನ ಅಂಗಿ ಹಿಡಿದಳು.

"ಕೂತ್ಕೋ. ಸಣ್ಣದು ಇದು."

ಅವನು ಕುಳಿತ, ಒಂದು ಹಿಮ್ಮಡಿಯನ್ನು ಎತ್ತಿಕೊಂಡೇ. ಅವಳು ಅಂಗಿ ಬಿಡಲಿಲ್ಲ.